ಉಡಿದಾರದ ಕೀಲಿ

ಆ ಕೀಲಿಯನ್ನು ಅವರು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಕರವಸ್ತ್ರದೊಳಗೆ ಪ್ಲಾಸ್ಟಿಕ್ ಕೊಟ್ಟೆ, ಕೊಟ್ಟೆಯೊಳಗೆ ವಿಭೂತಿ ಮೆತ್ತಿದ ಬಿಳಿ ಬಟ್ಟೆ, ಬಟ್ಟೆಯೊಳಗೆ ಕೀಲಿ. ಶಿಕಾರಿಪುರದ ನನ್ನ ಅಂಗಡಿಯ ಮೇಜಿನ ಮೇಲೆ ಇಷ್ಟು ಮರ್ಯಾದೆಯಿಂದ ಬಂದಿಳಿದ ಕೀಲಿ ಅದಕ್ಕೆ ಮುಂಚೆ ಇರಲಿಲ್ಲ. ಇಲ್ಲಿಗೆ ಬರುವುದು ಹೆಚ್ಚಾಗಿ ಬೈಕಿನ ಕೀಲಿಗಳು. ಅವುಗಳ ಹಿಂದೆ ಮೊದಲನೆಯದನ್ನು ಕಳೆದವನ ಹೆಂಡತಿಯೂ ಬರುತ್ತಾಳೆ, ಮರ್ಯಾದೆಗೆ ಅಲ್ಲಿ ಜಾಗವಿರುವುದಿಲ್ಲ.

"ಇದ್ಕೊಂದು ಡೂಪ್ಲಿಕೇಟ್ ಮಾಡಿ ಕೊಡ್ರಿ ಮೇಸ್ತ್ರಿ" ಎಂದರು ಆ ಹೆಂಗಸು. ನಲವತ್ತೈದರ ಆಸುಪಾಸು. ಜಡೆಯಿಂದ ಎರಡು ಬಸ್ಸು ಹತ್ತಿಳಿದು ಬಂದಿದ್ದರು.

"ಯಾವ್ದುರೀ ಇದು?"

"ತಿಜೋರಿದು."

ತಿಜೋರಿ ಎಂಬ ಮಾತು ಬಿದ್ದೊಡನೆ ನನ್ನ ಅಂಗಡಿಯಲ್ಲಿ ಬೇರೆ ಕಾನೂನು ಜಾರಿಗೆ ಬರುತ್ತದೆ. ತಿಜೋರಿಯನ್ನು ಕಣ್ಣಾರೆ ನೋಡದೆ, ತಂದವರ ಕೈಯಲ್ಲೇ ಅದನ್ನು ತೆಗೆಸದೆ, ನಾನು ನಕಲು ಕೊಯ್ಯುವುದಿಲ್ಲ. ಈ ನಿಯಮವನ್ನು ಬೋರ್ಡಿನ ಮೇಲೆ ಬರೆಸಿಲ್ಲ. ಬರೆಸಿದರೆ ಕಳ್ಳರಿಗೆ ಮೊದಲೇ ತಯಾರಿ ಮಾಡಿಕೊಳ್ಳಲು ಅನುಕೂಲವಾದೀತು. ಇದನ್ನು ನಾನು ಮುರಿದದ್ದು ಒಂದೇ ಸಲ. ಆ ಒಂದು ಸಲದ ಕತೆಯೇ ಇದು, ಆದರೆ ಆ ಹೊತ್ತಿಗೆ ನನಗೆ ಅದು ಗೊತ್ತಿರಲಿಲ್ಲ.

ನಿಯಮ ಹೇಳಿದೆ. ಅವರು ವಾದ ಮಾಡಲಿಲ್ಲ, ಸ್ಟೂಲಿನ ಮೇಲೆ ಕೂತು ಸಂಗತಿ ಹೇಳಿದರು. ತಿಜೋರಿ ಸೊರಬದಲ್ಲಿದೆ, ಅವರ ಭಾವನ ಅಕ್ಕಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅದಕ್ಕೆ ಎರಡು ಬೀಗ, ಎರಡು ಬೇರೆ ಬೇರೆ ಕೀಲಿ. ಎರಡೂ ತಿರುಗಿದರೆ ಮಾತ್ರ ಬಾಗಿಲು ಬರುತ್ತದೆ. ಮಾವನವರು ಬೇಕೆಂದೇ ಅಂಥದ್ದನ್ನು ಹುಡುಕಿ ತಂದು, ಒಳಗೆ ಪಾಲುಪತ್ರ ಇಟ್ಟು, ಇಬ್ಬರು ಗಂಡುಮಕ್ಕಳಿಗೆ ಒಂದೊಂದು ಕೀಲಿ ಕೊಟ್ಟಿದ್ದರು. ಮಕ್ಕಳ ಮೇಲೆ ಅವರಿಗೆ ಸಮಾನ ಪ್ರೀತಿ ಇತ್ತು. ಸಮಾನ ಅಪನಂಬಿಕೆಯೂ ಇತ್ತು. ವರ್ಷಕ್ಕೊಮ್ಮೆ ದೀಪಾವಳಿಯ ಲಕ್ಷ್ಮೀಪೂಜೆಗೆ ಅಣ್ಣತಮ್ಮ ಅಕ್ಕಪಕ್ಕ ನಿಂತು ತೆಗೆಯುತ್ತಿದ್ದರು. ಹನ್ನೊಂದು ವರ್ಷದ ಕೆಳಗೆ ತಮ್ಮ, ಎಂದರೆ ಇವರ ಗಂಡ, ಎದೆನೋವಿನಿಂದ ತೀರಿಕೊಂಡರು. ಅಲ್ಲಿಂದಾಚೆಗೆ ತಿಜೋರಿ ಬಾಯಿಬಿಟ್ಟಿಲ್ಲ.

"ಈ ಕೀಲಿ ದೇವರ ಗೂಡಿನಾಗೆ ಇತ್ರಿ. ಮೂರು ಸಲ ಹೋಗಿ ಹಾಕಿ ನೋಡಿದೆ, ತಿರುಗೋದಿಲ್ಲ. ಭಾವ ಏನೋ ಮಾಡ್ಯಾರೆ ಅಂತ ನನ್ನ ಅನುಮಾನ. ಸೋಮವಾರದೊಳಗೆ ಮೂಲ ಪತ್ರ ತೋರ್ಸಲಿಲ್ಲ ಅಂದ್ರೆ ನನ್ನ ಅರ್ಜಿ ವಜಾ ಅಂತೆ ತಾಲ್ಲೂಕು ಆಫೀಸಿನಾಗೆ. ಜಡೆ ಮನೆ, ಎರಡೆಕರೆ ಗದ್ದೆ, ಎಲ್ಲಾ ಇನ್ನೂ ಮಾವನ ಹೆಸರಿನಾಗೇ ಐತೆ."

ಅಂದು ಗುರುವಾರ.

ಕೀಲಿಯನ್ನು ದೀಪದ ಕೆಳಗೆ ಹಿಡಿದು ವಿಭೂತಿ ಒರೆಸಿದೆ. ಹಳೆಯ ಕೀಲಿಗಳಿಗೆ ಒಂದು ಮುಖವಿರುತ್ತದೆ. ವರ್ಷಾನುಗಟ್ಟಲೆ ಬೀಗದ ಒಳಗೆ ಉಜ್ಜಿ ಹಲ್ಲುಗಳ ಅಂಚು ಮಣಿದಿರುತ್ತದೆ. ಹಿಡಿಯ ಮೇಲೆ ಹೆಬ್ಬೆರಳು ಕೂರುವ ಜಾಗ ನಯವಾಗಿ ಹೊಳೆಯುತ್ತದೆ. ಇದರ ಹಲ್ಲುಗಳು ಚೂಪಾಗಿದ್ದವು. ಹಿಡಿಯಲ್ಲಿ ಹೊಳಪಿಲ್ಲ. ಇದು ಬೀಗ ತೆಗೆದು ಸವೆದ ಕೀಲಿಯೇ ಅಲ್ಲ. ಹಿಡಿಯ ಉಂಗುರದ ಒಳಗಂಚನ್ನು ಉಗುರಿನಿಂದ ಕೆರೆದೆ. ಒಂದು ಚುಕ್ಕೆ, ಅದರ ಕೆಳಗೊಂದು ಗೀಟು.

ಆ ಚುಕ್ಕೆ ಮತ್ತು ಗೀಟು ನನ್ನವು. ನಾನು ಕೊಯ್ದ ಪ್ರತಿ ತಿಜೋರಿ ಕೀಲಿಯ ಮೇಲೂ ಆ ಗುರುತು ಹೊಡೆಯುತ್ತೇನೆ.

"ನಿಮ್ಮ ಯಜಮಾನ್ರು ಎಡಗೈ ಬಳಸ್ತಿದ್ರಾ?" ಎಂದು ಕೇಳಿದೆ.

ಅವರು ಸೆರಗು ಸರಿಮಾಡಿಕೊಳ್ಳುತ್ತಿದ್ದವರು ಹಾಗೇ ನಿಂತರು. "ಹೌದ್ರಿ, ಎಡಚರೇ. ನಿಮಗೆ ಹೆಂಗೆ ಗೊತ್ತಾತು?"

"ಹಂಗೇ ಕೇಳ್ದೆ" ಎಂದೆ. ಸುಳ್ಳು ಹೇಳುವಾಗ ನನ್ನ ದನಿ ಬಹಳ ಗಂಭೀರವಾಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. "ಇದ್ಕೆ ನಕಲು ಮಾಡಿದ್ರೆ ಅದೂ ತಿರುಗೋದಿಲ್ಲ. ನಾಳೆ ನಾನೇ ಸೊರಬಕ್ಕೆ ಬರ್ತೀನಿ, ನಡೀರಿ."

ಅವರು ಹೋದ ಮೇಲೆ ನೆನಪು ಪೂರ್ತಿಯಾಗಿ ಬಿಚ್ಚಿಕೊಂಡಿತು. ಹನ್ನೊಂದು ವರ್ಷಕ್ಕೂ ಹಿಂದಿನ ಒಂದು ಸಂಜೆ, ಅಂಗಡಿ ಎತ್ತುವ ಹೊತ್ತು. ತಿಜೋರಿ ನೋಡಬೇಕು ಎಂದಾಗ ಆ ಮನುಷ್ಯ ಕೈಮುಗಿದು, "ಅಣ್ಣಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾನ್ರಿ. ನನಗೇನಾದ್ರೂ ಆದ್ರೆ ಹೆಂಡ್ತಿ ಕೈಯಾಗೊಂದು ಇರ್ಲಿ ಅಂತ ಅಷ್ಟೆ" ಎಂದಿದ್ದ. ಬಸ್ಸು ಹೊರಡುವುದರಲ್ಲಿತ್ತು. ಕರೆಂಟು ಬಂದು ಹೋಗಿ ಆಟವಾಡುತ್ತಿತ್ತು. ಅವನ ಕಣ್ಣು ನೋಡಿ ನಿಯಮ ಮುರಿದೆ. ನಿಯಮದ ಜೊತೆಗೆ ಕೆಲಸವನ್ನೂ ಕೆಡಿಸಿದೆ ಎಂದು ಈಗ ತಿಳಿಯಿತು. ಅರ ಹಿಡಿದು ಕೈಯಲ್ಲೇ ಉಜ್ಜಬೇಕಾದ್ದನ್ನು ಯಂತ್ರಕ್ಕೆ ಕೊಟ್ಟಿದ್ದೆ. ಸವೆದ ಹಲ್ಲನ್ನು ಸವೆದಂತೆಯೇ ನಕಲು ಮಾಡಿ, ಮೇಲೆ ಯಂತ್ರವೂ ಒಂದು ಕೂದಲೆಳೆ ತಿಂದಿತ್ತು. ತಿಜೋರಿ ಕೀಲಿಯ ಜೊತೆ ನಾನು ಒಂದು ಪುಟ್ಟ ಶೀಸೆ ಎಣ್ಣೆ ಪುಕ್ಕಟೆ ಕೊಡುತ್ತೇನೆ: ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಹಿಡಿಯದಿರಲೆಂದು ಅದರಲ್ಲಿ ಕರಗಿಸಿದ ಚಿಟಿಕೆ ಕರ್ಪೂರ. ನಮ್ಮ ಅಪ್ಪನ ಕಾಲದ ಪಾಕ. ಅದನ್ನೂ ಆತ ಎಡಗೈಯಲ್ಲೇ ತೆಗೆದುಕೊಂಡಿದ್ದ.

ಮರುದಿನ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬ ಮುಟ್ಟುವಾಗ ಹನ್ನೆರಡು ದಾಟಿತ್ತು. ಶುಕ್ರವಾರ ಆ ಅಂಗಡಿಗೆ ರಜೆ. ಬಾಗಿಲ ಬಳಿ ಆ ಹೆಂಗಸು ನಿಂತಿದ್ದರು. ಅವರಿಂದ ಹತ್ತು ಮಾರು ದೂರದಲ್ಲಿ ಭಾವ. ಅರವತ್ತರ ಮನುಷ್ಯ, ಹಣೆತುಂಬ ವಿಭೂತಿ.

"ಬರ್ರಿ ಮೇಸ್ತ್ರಿ. ನಮ್ಮ ತಂಗೆವ್ವಗೆ ನನ್ನ ಮೇಲೆ ಅನುಮಾನ. ನೀವೇ ನೋಡಿ ತೀರ್ಮಾನ ಹೇಳ್ರಿ."

"ಅನುಮಾನ ಅಂತ ನಾನು ಬಾಯಿಬಿಟ್ಟು ಅಂದಿಲ್ಲ ಭಾವ."

"ಅಂದಿಲ್ಲವ್ವ. ಹನ್ನೊಂದು ವರ್ಷ ನಮ್ಮನೆ ನೀರು ಕುಡಿದಿಲ್ಲ, ಅಷ್ಟೆ."

ಅಕ್ಕಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಹಿಂದಿನ ಕೋಣೆಗೆ ಹೋದೆವು. ಕಿಟಕಿಯಿಲ್ಲದ ಕೋಣೆ, ಒಂದು ಬಲ್ಬು. ತಿಜೋರಿ ನನ್ನ ಎದೆಮಟ್ಟ ಎತ್ತರ, ಹಸಿರು ಬಣ್ಣ, ಮೇಲೆ ಕುಂಕುಮದ ಹಳೆಯ ಹನ್ನೊಂದು ಪದರ. ಮೂಟೆಗಳ ಮಧ್ಯೆ ಹೊರಗಿನ ಸದ್ದು ನಿಂತುಹೋಗಿತ್ತು. ತುಂಬಿದ ಅಕ್ಕಿ ಮೂಟೆ ಶಬ್ದವನ್ನು ಎಷ್ಟು ಚೆನ್ನಾಗಿ ನುಂಗುತ್ತದೆ ಎಂದರೆ ಮೂವರ ಉಸಿರಾಟವೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಹಾಗೆ ಕೇಳುವಾಗ ಎಣಿಸಬಾರದು. ನಾನು ಎಣಿಸಿದೆ, ಲೆಕ್ಕ ಸರಿಹೋಗಲಿಲ್ಲ, ಕೆಲಸಕ್ಕೆ ತೊಡಗಿದೆ.

ಭಾವನ ಕೀಲಿ ಸಲೀಸಾಗಿ ತಿರುಗಿತು. ಇವರ ಕೀಲಿ, ಅಂದರೆ ನನ್ನ ಕೀಲಿ, ಕಾಲು ಸುತ್ತು ಹೋಗಿ ಹಟ ಹಿಡಿಯಿತು. ಇದರಲ್ಲಿ ಅಚ್ಚರಿಯೇನಿಲ್ಲ. ಚೀಲದಿಂದ ಹಲ್ಲು ಕೊಯ್ಯದ ಖಾಲಿ ಕೀಲಿ ತೆಗೆದು, ಮೇಣದಬತ್ತಿಯ ಉರಿಗೆ ಹಿಡಿದು ಮಸಿ ಕಟ್ಟಿಸಿದೆ. ಮಸಿಗೀಲಿಯನ್ನು ಬೀಗಕ್ಕೆ ತೂರಿಸಿ ಮೆಲ್ಲಗೆ ತಿರುವಿದರೆ ಒಳಗಿನ ಲಿವರ್ ಪಟ್ಟಿಗಳು ತಾವು ಎಲ್ಲಿ ತಡೆಯುತ್ತವೆಂದು ಮಸಿಯ ಮೇಲೆ ಗೀಚಿ ತೋರಿಸುತ್ತವೆ. ಹನ್ನೊಂದು ವರ್ಷ ಮುಚ್ಚಿದ ಬೀಗದಲ್ಲಿ ಒಣಗಿದ ಜಿಡ್ಡು, ಧೂಳು, ಅದೃಷ್ಟವಿದ್ದರೆ ಜೇಡ ಸಿಗಬೇಕು.

ಕೀಲಿ ಒದ್ದೆಯಾಗಿ ಹೊರಬಂತು. ಮಸಿ ತೊಳೆದುಹೋಗಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮೂಗಿನ ಹತ್ತಿರ ಹಿಡಿದೆ. ಕರ್ಪೂರ.

"ಇದ್ಕೆ ಎಣ್ಣೆ ಬಿಟ್ಟೋರು ಯಾರು?"

ಆ ಹೆಂಗಸು ನಿಧಾನವಾಗಿ ತಿರುಗಿದರು. "ನೋಡಿದ್ರಾ? ನಾನು ಅಂದ್ಕೊಂಡಿದ್ದೇ ಸೈ. ಭಾವ, ನೀವು ಇದನ್ನ ತೆಗೆದೀರಿ."

"ನಾನು ಹೆಂಗವ್ವ ತೆಗೀಲಿ? ಎರಡನೇ ಕೀಲಿ ಎಲ್ಲೈತೆ ನನ್ನ ಹತ್ರ?" ಅವರ ದನಿಯಲ್ಲಿ ಕೋಪಕ್ಕಿಂತ ಬೇರೆಯದೇ ಏನೋ ಇತ್ತು. "ಪ್ರತಿ ದೀಪಾವಳಿಗೆ ಹೊರಗಿನಿಂದ ಪೂಜೆ ಮಾಡ್ತೀನಿ. ಈ ಹಿಡಿಕೆ ಸರಿಯಾಗಿ ಅಡ್ಡಕ್ಕೆ ಇಟ್ಟು ಕುಂಕುಮ ಹಚ್ತೀನಿ. ಮುಂದಿನ ವರ್ಷ ನೋಡಿದ್ರೆ ಒಂದು ಬೆರಳು ಕೆಳಗೆ ಇಳಿದಿರ್ತದೆ. ಹನ್ನೊಂದು ವರ್ಷ ನೋಡೀನಿ ಮೇಸ್ತ್ರಿ. ಯಾರ ಹತ್ರ ಹೇಳ್ಲಿ?"

"ಇಲ್ಲಿಗೆ ಬರೋರು ಯಾರು?" ಎಂದೆ.

"ನಾನೊಬ್ನೇ. ಮತ್ತೆ..." ಅವರು ಮೂಟೆಯ ಮೇಲೆ ಕುಸಿದು ಕೂತರು. "ತಂಗೆವ್ವ, ನಿನ್ನ ಹತ್ರ ಇರೋದು ಅವನ ಕೀಲಿ ಅಲ್ಲ. ಅವನ ಕೀಲಿ ಅವನ ಉಡಿದಾರದಾಗೆ ಇತ್ತು."

ತಮ್ಮನ ದೇಹಕ್ಕೆ ಸ್ನಾನ ಮಾಡಿಸಿದ್ದು ಅವರೇ. ಸೊಂಟದ ಕೆಂಪು ಉಡಿದಾರದಲ್ಲಿ ಕೀಲಿ ನೇತಾಡುತ್ತಿತ್ತು. ದಾರ ಹರಿಯಬೇಕಿತ್ತು. ಆದರೆ ಸುತ್ತ ಊರವರು ನಿಂತಿದ್ದರು. "ಹೆಣದ ಸೊಂಟದಿಂದ ಅಣ್ಣ ಕೀಲಿ ಕಿತ್ಕೊಂಡ ಅಂತಾರೆ ಅಂತ ಹೆದರಿದೆ. ದಾರ ಸಡಿಲಾಗಿತ್ತು, ಇನ್ನೊಂದು ಗಂಟು ಹಾಕಿ ನಾನೇ ಬಿಗಿಮಾಡಿದೆ. ಹಂಗೇ ಕೂರ್ಸಿಬಿಟ್ವಿ."

ಅವರ ಮನೆತನದಲ್ಲಿ ಸತ್ತವರನ್ನು ಸಮಾಧಿಯೊಳಗೆ ಕೂರಿಸಿ ಮುಚ್ಚುತ್ತಾರೆ. ಜಡೆಯ ಗದ್ದೆಯ ಬದಿಯಲ್ಲಿ ಹನ್ನೊಂದು ವರ್ಷದಿಂದ ಒಬ್ಬ ಮನುಷ್ಯ ಈ ಬೀಗದ ಕೀಲಿ ಸೊಂಟಕ್ಕೆ ಕಟ್ಟಿಕೊಂಡು ಕೂತಿದ್ದಾನೆ, ಇಲ್ಲಿ ಬೀಗಕ್ಕೆ ಎಣ್ಣೆ ಬೀಳುತ್ತಿದೆ. ಭಾವನ ಲೆಕ್ಕಾಚಾರ ಅದಾಗಿತ್ತು.

"ಸೋಮವಾರಕ್ಕೆ ಬೇಕೇ ಬೇಕು ಅಂದ್ರೆ," ಎಂದು ಅವರು ನೆಲ ನೋಡುತ್ತ ಹೇಳಿದರು, "ನಾನೇ ಮುಂದೆ ನಿಂತು ಸಮಾಧಿ ತೆಗಿಸ್ತೀನಿ."

"ಕೂರ್ಸಿದೋರನ್ನ ಎಬ್ಬಿಸ್ತೀರಾ ಭಾವ?" ಎಂದರು ಆ ಹೆಂಗಸು. ಅಷ್ಟೇ. ಆ ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯಿತು.

ಇನ್ನೊಂದು ದಾರಿ ಗ್ಯಾಸ್ ಕಟರ್. ಪಕ್ಕದ ಬೀದಿಯ ವೆಲ್ಡಿಂಗ್‌ನವನು ಹತ್ತು ನಿಮಿಷದಲ್ಲಿ ಬಾಗಿಲು ಕತ್ತರಿಸುತ್ತಾನೆ. ಆ ಬಿಸಿಗೆ ಒಳಗಿನ ಪಾಲುಪತ್ರ ಹಪ್ಪಳವಾಗುತ್ತದೆ, ತಾಲ್ಲೂಕು ಕಚೇರಿಯಲ್ಲಿ ಹಪ್ಪಳಕ್ಕೆ ಖಾತೆ ಬದಲಾಯಿಸುವುದಿಲ್ಲ. ಉಳಿದದ್ದು ಒಂದೇ: ಯಾವ ಕೀಲಿಯನ್ನೂ ನಕಲು ಮಾಡದೆ, ಬೀಗದ ಬಾಯಿಂದಲೇ ಹೊಸ ಕೀಲಿ ಹೊರಡಿಸುವುದು. ಅದಕ್ಕೆ ಮೊದಲು ಒಂದು ಮಾತು ಹೇಳಬೇಕಿತ್ತು, ಹೇಳಿದೆ.

"ಅಮ್ಮಾ, ನಿಮ್ಮ ಹತ್ರ ಇರೋದು ನಾನು ಕೊಯ್ದ ಕೀಲಿ. ನಿಮ್ಮ ಯಜಮಾನ್ರೇ ಬಂದು ಮಾಡಿಸಿದ್ರು, ನಿಮ್ಗಾಗೇ. ಅವಸರದಾಗೆ ಮಾಡಿ ಕೆಡಿಸಿದೆ. ಬೀಗದ್ದೂ ತಪ್ಪಿಲ್ಲ, ನಿಮ್ಮ ಭಾವಂದೂ ತಪ್ಪಿಲ್ಲ."

ಅವರು ನನ್ನನ್ನೇ ನೋಡಿದರು. "ಅವ್ರು ನನಗೇ ಅಂತ ಮಾಡಿಸಿದ್ರಾ?"

"ಹೆಂಡ್ತಿ ಕೈಯಾಗೊಂದು ಇರ್ಲಿ ಅಂದ್ರು."

"ಹನ್ನೊಂದು ವರ್ಷ ಸೊರಬದ ಕಡೆ ಮುಖ ಮಾಡಿ ಬೈದೀನಿ" ಎಂದರು. "ಶಿಕಾರಿಪುರದ ಕಡೆ ತಿರುಗಿ ಬೈಬೇಕಿತ್ತು ನಾನು."

"ಈಗ್ಲೂ ಬೈಬಹುದು" ಎಂದೆ.

"ಮೊದ್ಲು ತೆಗೀರಿ. ಆಮ್ಯಾಲೆ ಬೈತೀನಿ."

ಬೀಗದ ಬಾಯಿಗೆ ಬಟ್ಟೆಯ ಬತ್ತಿ ತೂರಿಸಿ ಎಣ್ಣೆ ಹೀರಿಸಿದೆ. ನಾಲ್ಕು ಬತ್ತಿ ನೆನೆದವು. ಒಂದು ಬೀಗಕ್ಕೆ ಅಷ್ಟು ಎಣ್ಣೆ ಹಿಡಿಯುವುದಿಲ್ಲ. ಆಮೇಲೆ ಮಸಿ ಕಟ್ಟಿಸುವುದು, ತೂರಿಸುವುದು, ತಿರುವುವುದು, ಗೀಚು ನೋಡಿ ಆ ಹಲ್ಲಿಗೆ ಎರಡೇ ಎಳೆತ ಅರ ಹಾಕುವುದು, ಮತ್ತೆ ಮಸಿ. ಆರು ಹಲ್ಲು. ಒಂದೂವರೆ ಗಂಟೆ ಕಳೆದಾಗ ಐದು ಹಲ್ಲು ಒಪ್ಪಿದವು. ಆರನೆಯದು, ಸಾಲಿನಲ್ಲಿ ಮೂರನೆಯ ಜಾಗದ್ದು, ಒಪ್ಪಲಿಲ್ಲ. ಬೆವರು ಕಣ್ಣಿಗಿಳಿದು ಒಂದು ಎಳೆತ ಹೆಚ್ಚಾಯಿತು. ಕಬ್ಬಿಣವನ್ನು ತೆಗೆಯಬಹುದು, ಮರಳಿ ಅಂಟಿಸಲಾಗದು. ಕೀಲಿ ಕೆಟ್ಟಿತು. ನಾನು ತಂದಿದ್ದ ಖಾಲಿ ಕೀಲಿಗಳು ಎರಡು, ಇನ್ನೊಂದೇ ಉಳಿದಿತ್ತು. ಆ ಅಳತೆಯ ಕೀಲಿ ಈಗ ಬೇಕೆಂದಾಗ ಸಿಗುವುದಿಲ್ಲ, ತರಿಸಲು ವಾರ ಬೇಕು.

"ಏನಾತ್ರಿ?" ಎಂದರು ಭಾವ.

"ಏನಿಲ್ಲ" ಎಂದೆ, ಬಹಳ ಗಂಭೀರವಾಗಿ.

ಆಗ ನನ್ನ ಹಳೆಯ ತಪ್ಪು ಕೀಲಿಯನ್ನು ಕೆಟ್ಟ ಕೀಲಿಯ ಪಕ್ಕದಲ್ಲಿಟ್ಟು ಬಲ್ಬಿಗೆ ಹಿಡಿದೆ. ಐದು ಹಲ್ಲು ಒಂದಕ್ಕೊಂದು ತಾಳೆಯಾಗುತ್ತಿದ್ದವು. ಮೂರನೆಯದು ಮಾತ್ರ ಹಳೆಯದರಲ್ಲಿ ಗಿಡ್ಡ. ನನ್ನ ತಪ್ಪು ಯಾವ ಹಲ್ಲಿನಲ್ಲಿ, ಯಾವ ಕಡೆಗೆ ಎಂದು ಹನ್ನೊಂದು ವರ್ಷದ ಬಳಿಕ ಅದು ಬೆರಳು ಮಾಡಿ ತೋರಿಸುತ್ತಿತ್ತು. ಕೊನೆಯ ಖಾಲಿ ಕೀಲಿಯಲ್ಲಿ ಐದು ಹಲ್ಲುಗಳನ್ನು ಹಳೆಯದನ್ನು ನೋಡಿಯೇ ಕೊಯ್ದೆ. ಮೂರನೆಯದನ್ನು ಬೇಕೆಂದೇ ಎತ್ತರ ಬಿಟ್ಟೆ, ಅದನ್ನು ಬೀಗದ ಮಾತು ಕೇಳುತ್ತ ಇಳಿಸಬೇಕು.

ಮಸಿ ಕಟ್ಟಿಸಿ ತೂರಿಸಿದೆ. ಗೀಚು ಬಿತ್ತು. ಎರಡು ಎಳೆತ. ಮತ್ತೆ ತೂರಿಸಿದೆ. ಮತ್ತೆರಡು. ನನ್ನ ಅಂದಾಜಿನಲ್ಲಿ ಇನ್ನೂ ನಾಲ್ಕು ಎಳೆತ ಬಾಕಿ ಇತ್ತು. ಗುರುತು ನೋಡಲೆಂದು ಸುಮ್ಮನೆ ತೂರಿಸಿ ಬೆರಳಿಟ್ಟೆ, ಬಲ ಹಾಕಿರಲಿಲ್ಲ. ಒಳಗಿನ ಲಿವರ್ ಹಗುರವಾಯಿತು. ಬಾವಿಯಿಂದ ಕೊಡ ಸೇದುವಾಗ ಎದುರಿನಿಂದ ಇನ್ನೊಬ್ಬರು ಹಗ್ಗಕ್ಕೆ ಕೈ ಹಚ್ಚಿದರೆ ಭಾರ ಹೇಗೆ ಥಟ್ಟನೆ ಇಳಿಯುತ್ತದೋ ಹಾಗೆ. ಕೀಲಿ ನನ್ನ ಬೆರಳುಗಳನ್ನು ಕರೆದುಕೊಂಡು ಪೂರ್ತಿ ಸುತ್ತು ತಿರುಗಿತು.

ಕೈ ತೆಗೆದುಬಿಟ್ಟೆ. ಭಾವ ಎದ್ದು ನಿಂತಿದ್ದರು, ಹಿಡಿಕೆ ಮುಟ್ಟಲು ಮುಂದೆ ಬರಲಿಲ್ಲ. ನಾನೂ ಮುಟ್ಟಲಿಲ್ಲ, ಕೀಲಿ ಮಾಡುವವನಿಗೆ ಬಾಗಿಲು ತೆಗೆಯುವ ಅಧಿಕಾರವಿಲ್ಲ ಎಂಬ ಇನ್ನೊಂದು ನಿಯಮ ಆ ಕ್ಷಣದಲ್ಲಿ ನನ್ನ ಅಂಗಡಿಯಲ್ಲಿ ಜಾರಿಗೆ ಬಂತು. ಆ ಹೆಂಗಸೇ ಸೆರಗು ಸಿಕ್ಕಿಸಿ ಎಳೆದರು.

ಒಳಗೆ ಎರಡು ವೀಳ್ಯದೆಲೆ, ಒಣಗಿ ಕಂದಾಗಿ, ಗಾಳಿ ತಾಕಿದ್ದೇ ಪುಡಿಯಾದವು. ಒಂದು ಅಡಿಕೆ. ಮೇಣಗಪ್ಪಡದಲ್ಲಿ ಸುತ್ತಿದ ಪಾಲುಪತ್ರ, ಒಂದು ಹುಳವೂ ಮುಟ್ಟಿರಲಿಲ್ಲ. ಅದರ ಮೇಲೆ ಒಂದು ಕೀಲಿ.

ಕೀಲಿಯ ಕಣ್ಣಿನಲ್ಲಿ ಕೆಂಪು ಉಡಿದಾರ. ತುಂಡಲ್ಲ, ಒಬ್ಬ ಗಂಡಸಿನ ಸೊಂಟದಳತೆಯ ಇಡೀ ಸುತ್ತು. ಎಲ್ಲೂ ಹರಿದಿಲ್ಲ. ಒಂದರ ಮೇಲೊಂದು ಎರಡು ಗಂಟು, ಎರಡೂ ಬಿಚ್ಚಿಲ್ಲ.

"ಮೇಲಿನ ಗಂಟು ನಂದು" ಎಂದರು ಭಾವ. ಮತ್ತೆ ಅದನ್ನೇ ಹೇಳಿದರು. ಮೂರನೆಯ ಸಲ ಹೇಳುವಾಗ ದನಿ ಇರಲಿಲ್ಲ, ತುಟಿ ಮಾತ್ರ ಆಡಿತು.

ನನ್ನ ಕಸುಬಿನ ಕರ್ತವ್ಯವೆಂದು ಆ ಕೀಲಿಯನ್ನು ಬಲ್ಬಿಗೆ ಹಿಡಿದೆ. ಹಲ್ಲುಗಳ ಅಂಚು ಮಣಿದಿತ್ತು. ಹಿಡಿಯ ಮೇಲೆ ಹೆಬ್ಬೆರಳ ಹೊಳಪು, ಎಲ್ಲರ ಕೀಲಿಯಲ್ಲಿ ಇರುವ ಮಗ್ಗುಲಲ್ಲಲ್ಲ, ಆಚೆ ಮಗ್ಗುಲಲ್ಲಿ. ಎಡಚನ ಕೀಲಿ. ಬೀಗಕ್ಕೆ ಹಾಕಿದೆ. ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು.

ಹೀಗೂ ಆಗಿರಬಹುದು, ಎಂದು ನಾನು ವಾಪಸು ಬರುವ ಬಸ್ಸಿನಲ್ಲಿ ಮನಸ್ಸಿನೊಳಗೇ ಪಂಚನಾಮೆ ಬರೆದುಕೊಂಡೆ. ಕೊನೆಯ ದೀಪಾವಳಿಯಲ್ಲಿ ತಮ್ಮ ಹಳೆಯ ಉಡಿದಾರವನ್ನು ಕೀಲಿ ಸಮೇತ ಕಳಚಿ ಒಳಗಿಟ್ಟು, ನನ್ನ ನಕಲಿನಿಂದ ಬೀಗ ಹಾಕಿರಬಹುದು. ಹೊಸದರಲ್ಲಿ, ನನ್ನ ಎಣ್ಣೆಯ ಪುಣ್ಯದಿಂದ, ಅದು ಒಂದು ಸಲ ತಿರುಗಿರಬಹುದು. ಸಾಯುವಾಗ ಸೊಂಟದಲ್ಲಿದ್ದದ್ದು ಹೊಸ ದಾರ, ಯಾವುದೋ ಟ್ರಂಕಿನ ಕೀಲಿ. ತಮ್ಮನ ಮೈ ತೊಳೆಯುತ್ತಿರುವ ಅಣ್ಣನ ಕಣ್ಣಿಗೆ ಕೀಲಿಗಳ ವ್ಯತ್ಯಾಸ ಕಾಣುವುದಿಲ್ಲ, ಗಂಟುಗಳೂ ಒಂದೇ ತರ ಇರುತ್ತವೆ. ಒಳ್ಳೆಯ ಪಂಚನಾಮೆ. ಸಹಿ ಹಾಕಲು ಮನಸ್ಸು ಬರಲಿಲ್ಲ.

ಸೊರಬದಲ್ಲಿ ನಾವು ಅಗಲುವಾಗ ಇನ್ನೊಂದು ಸಮಸ್ಯೆ ಎದ್ದಿತ್ತು. ಮೊದಲು ಇಲ್ಲದ ಕೀಲಿ ಈಗ ಎರಡಾಗಿತ್ತು, ಹೊಸದು ಯಾರಿಗೂ ಬೇಡವಾಗಿತ್ತು. ನಾನು ಮಾಡಿದ ಹೊಸದನ್ನು ಆ ಹೆಂಗಸು ಭಾವನ ಮುಂದೆ ಹಿಡಿದರು. "ನಿಮ್ಮದೂ ಇದೂ ಎರಡೂ ನಿಮ್ಮ ಹತ್ರಾನೇ ಇರ್ಲಿ ಭಾವ. ನಂಗೆ ಅನುಮಾನ ಇಲ್ಲ."

"ಬ್ಯಾಡವ್ವ. ನೀನು ಅನುಮಾನನೇ ಇಟ್ಕೊ" ಎಂದರು ಭಾವ, ಅಳುತ್ತಲೋ ನಗುತ್ತಲೋ ತಿಳಿಯಲಿಲ್ಲ. ಕೊನೆಗೆ ಅದನ್ನು ಖಾಲಿ ತಿಜೋರಿಯ ಬೀಗದಲ್ಲೇ ಬಿಟ್ಟರು. ಬಾಗಿಲು ತೆರೆದೇ ಇತ್ತು. ಉಡಿದಾರದ ಕೀಲಿಯನ್ನು ಆ ಹೆಂಗಸು ಯಾರನ್ನೂ ಕೇಳದೆ ತಮ್ಮ ಸೆರಗಿನ ತುದಿಗೆ ಕಟ್ಟಿಕೊಂಡರು. ಹೊರಡುವ ಮುಂಚೆ ಭಾವನ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದರು. ಸೋಮವಾರ ತಾಲ್ಲೂಕು ಕಚೇರಿಗೆ ಭಾವನೇ ಜೊತೆಯಲ್ಲಿ ಬಂದು ಹೇಳಿಕೆ ಕೊಟ್ಟರೆಂದೂ ಅರ್ಜಿ ಊರ್ಜಿತವಾಯಿತೆಂದೂ ಅವರು ಫೋನ್ ಮಾಡಿ ತಿಳಿಸಿದರು. ಬಾಕಿಯಿದ್ದ ಬೈಗುಳವನ್ನೂ ಅದೇ ಫೋನಿನಲ್ಲಿ ಸಂದಾಯ ಮಾಡಿದರು.

ನನ್ನ ಹಳೆಯ ನಕಲನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ ಗರಗಸದಲ್ಲಿ ಎರಡು ತುಂಡು ಮಾಡಿದೆ. ಎಣ್ಣೆ ಹೀರಿದ ನಾಲ್ಕು ಬತ್ತಿಗಳು ಚೀಲದಲ್ಲಿ ಉಳಿದುಬಂದಿದ್ದವು. ನನ್ನ ಹೆಂಡತಿ ಮೂಸಿ, "ನಿಮ್ದೇ ಎಣ್ಣೆ. ಮೊನ್ನೆ ಮಾಡಿದ್ದಲ್ವೇನ್ರೀ?" ಎಂದಳು.

ಅವಳ ಮೂಗು ಸುಳ್ಳು ಹೇಳುವುದಿಲ್ಲ. ಭಾವ ಹೊರಗೆ ಕರ್ಪೂರ ಹಚ್ಚಿ ಪೂಜೆ ಮಾಡಿರಬಹುದು, ಆದರೆ ಉರಿದ ಕರ್ಪೂರದ ವಾಸನೆ ಬೇರೆ, ಎಣ್ಣೆಯಲ್ಲಿ ಕರಗಿದ್ದರ ವಾಸನೆ ಬೇರೆ. ಕರಗಿದ್ದು ಗಾಳಿಯಾಡುವ ಬೀಗದ ಬಾಯಲ್ಲಿ ಹನ್ನೊಂದು ವರ್ಷ ಇರಲಿ, ಹನ್ನೊಂದು ವಾರವೂ ನಿಲ್ಲುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಅಂದಿನಿಂದ ಎಣ್ಣೆಗೆ ಕರ್ಪೂರ ಹಾಕುವುದನ್ನು ನಿಲ್ಲಿಸಿದ್ದೇನೆ. ತುಕ್ಕು ಹಿಡಿದರೆ ಹಿಡಿಯಲಿ. ಇನ್ನು ಮುಂದೆ ಮುಚ್ಚಿದ ಯಾವ ಬೀಗದಲ್ಲಾದರೂ ಆ ವಾಸನೆ ಬಂದರೆ, ಅದು ನನ್ನ ಅಂಗಡಿಯಿಂದ ಹೋದದ್ದಲ್ಲ ಎಂದಾದರೂ ಖಾತ್ರಿಯಾಗಿ ಹೇಳಬಹುದು.